ನೋವನ್ನು ಮೀರಿದ ಕುಂಚ

‘ಕೈ ಕೆಸರಾದರೆ ಬಾಯಿ ಮೊಸರು’ ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಮಾನವನ ಬದುಕಿನ ಬಹುಭಾಗ ಅವನ ಕೈಗಳನ್ನು ಅವಲಂಬಿಸಿದೆ. ರೈತನು ನೇಗಿಲನ್ನು ಹಿಡಿಯುವುದೂ ನೇಕಾರನು ಲಾಳಿಯನ್ನು ಎಸೆಯುವುದೂ ವೈಣಿಕನು ತಂತಿಯನ್ನು ಮೀಟುವುದೂ ಕೈಯಿಂದಲೇ. ಒಂದೊಂದು ಕೈಯಲ್ಲಿಯೂ 27 ಮೂಳೆಗಳಿವೆ. ಅವು ಒಂದನ್ನೊಂದು ಕೂಡುವ ಕೀಲುಗಳು ಸುಗಮವಾಗಿ ಚಲಿಸುತ್ತಿರುವವರೆಗೆ ಅವುಗಳ ನೆನಪೇ ನಮಗೆ ಬರುವುದಿಲ್ಲ. ಆದರೆ ಕೈಯನ್ನೇ ನಂಬಿ ಬದುಕಿದ ಕಲಾವಿದನೊಬ್ಬನ ಬೆರಳುಗಳು ನೋವಿನಿಂದ ಬಿಗಿದು, ಸೊಟ್ಟಗಾಗಿ, ಕೊನೆಗೆ ತೆರೆಯಲೂ ಆಗದಂತಾದರೆ ಅವನ ಗತಿಯೇನು? ಫ್ರಾನ್ಸ್ ದೇಶದ ಪ್ರಸಿದ್ಧ ಚಿತ್ರಕಾರ ಪಿಯರ್ ಒಗುಸ್ತ್ ರೆನ್ವಾರನ ಜೀವನ ಈ ಪ್ರಶ್ನೆಗೆ ಉತ್ತರವಾಗಿದೆ.

ರೆನ್ವಾರನು 1841ರ ಫೆಬ್ರವರಿ 25ರಂದು ಲಿಮೋಜ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಬಟ್ಟೆ ಹೊಲಿಯುವ ಕಸಬಿನವನು. ಬಡತನದ ಕಾರಣದಿಂದ ಬಾಲಕ ರೆನ್ವಾರನು ಹದಿಮೂರನೆಯ ವಯಸ್ಸಿನಲ್ಲಿಯೇ ಪ್ಯಾರಿಸ್ಸಿನ ಪಿಂಗಾಣಿ ಕಾರ್ಖಾನೆಯೊಂದನ್ನು ಸೇರಿ, ತಟ್ಟೆ ಬಟ್ಟಲುಗಳ ಮೇಲೆ ಹೂಗಳನ್ನು ಬಿಡಿಸುವ ಕೆಲಸವನ್ನು ಕಲಿತನು. ಮುಂದೆ ಚಿತ್ರಕಲೆಯನ್ನು ಕ್ರಮವಾಗಿ ಅಭ್ಯಾಸ ಮಾಡಿ, ಮೊನೆ ಮೊದಲಾದ ಗೆಳೆಯರೊಡನೆ 1874ರಲ್ಲಿ ಒಂದು ಪ್ರದರ್ಶನವನ್ನು ಏರ್ಪಡಿಸಿದನು. ಬಿಸಿಲು, ನೆರಳು, ನೀರಿನ ಹೊಳಪು, ಜನರ ನಗು ಇವೇ ಅವನಿಗೆ ಪ್ರಿಯವಾದ ವಸ್ತುಗಳು. ಮೊದಮೊದಲು ಹಾಸ್ಯಕ್ಕೆ ಗುರಿಯಾದ ಈ ಹೊಸ ಶೈಲಿಗೆ ಕ್ರಮೇಣ ಮನ್ನಣೆ ದೊರೆಯಿತು. ಐವತ್ತರ ಹೊತ್ತಿಗೆ ರೆನ್ವಾರನಿಗೆ ಕೀರ್ತಿಯೂ ನೆಮ್ಮದಿಯ ಜೀವನವೂ ಒದಗಿಬಂದವು.

ಆಗಲೇ ರೋಗವೂ ಕಾಲಿಟ್ಟಿತು. 1892ರ ಸುಮಾರಿಗೆ ಅವನ ಕೀಲುಗಳಲ್ಲಿ ನೋವು ತಲೆದೋರಿತು. 1897ರಲ್ಲಿ ಅವನು ಬೈಸಿಕಲ್ಲಿನಿಂದ ಬಿದ್ದು ಬಲಗೈಯನ್ನು ಮುರಿದುಕೊಂಡನು. ಮೂಳೆ ಕೂಡಿಕೊಂಡಿತು, ಆದರೆ ಕೀಲುಗಳ ನೋವು ಬಿಡಲಿಲ್ಲ. ವರ್ಷಗಳು ಕಳೆದಂತೆ ಅದು ಬೆರಳು, ಮಣಿಕಟ್ಟು, ಭುಜ, ಮೊಣಕಾಲು, ಪಾದಗಳಿಗೆ ಹರಡಿತು. 1903ರ ನಂತರವಂತೂ ರೋಗವು ಉಗ್ರವಾಯಿತು.

ಅವನನ್ನು ಕಾಡಿದ ವ್ಯಾಧಿ ಯಾವುದು? ಕೀಲುನೋವುಗಳೆಲ್ಲವೂ ಒಂದೇ ರೋಗವಲ್ಲ. ವಯಸ್ಸಾದಂತೆ ಮೂಳೆಗಳ ತುದಿಯಲ್ಲಿರುವ ಮೃದ್ವಸ್ಥಿ ಸವೆದು ಉಂಟಾಗುವ ನೋವು ಒಂದು ಬಗೆ. ರೆನ್ವಾರನಿಗೆ ಬಂದದ್ದು ಬೇರೆ ಬಗೆ. ಅದನ್ನು ರುಮಟಾಯ್ಡ್ ಸಂಧಿವಾತ ಎನ್ನುತ್ತಾರೆ. ನಮ್ಮ ದೇಹದಲ್ಲಿ ರೋಗಾಣುಗಳೊಡನೆ ಹೋರಾಡುವ ರಕ್ಷಣಾ ವ್ಯವಸ್ಥೆಯೊಂದಿದೆ. ಈ ರೋಗದಲ್ಲಿ ಆ ವ್ಯವಸ್ಥೆಯೇ ದಾರಿತಪ್ಪಿ ಕೀಲುಗಳ ಒಳಪೊರೆಯನ್ನು ಶತ್ರುವೆಂದು ಭಾವಿಸಿ ಅದರ ಮೇಲೆ ಬೀಳುತ್ತದೆ. ಬೇಲಿಯೇ ಎದ್ದು ಹೊಲವನ್ನು ಮೇಯ್ದಂತೆ! ಪೊರೆಯು ಊದಿಕೊಳ್ಳುತ್ತದೆ, ಮೃದ್ವಸ್ಥಿಯೂ ಮೂಳೆಯೂ ಮೆಲ್ಲಮೆಲ್ಲನೆ ಕೊರೆದುಹೋಗುತ್ತವೆ, ಕೀಲು ತನ್ನ ಆಕಾರವನ್ನು ಕಳೆದುಕೊಳ್ಳುತ್ತದೆ. ಈ ರೋಗವು ವೃದ್ಧರಿಗಷ್ಟೇ ಬರುವುದೆಂದು ತಿಳಿಯಬಾರದು. ಯುವಕರಿಗೂ ಬರಬಹುದು, ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು.

ಇಂದು ಇದನ್ನು ಗುರುತಿಸಲು ಸಾಧನಗಳಿವೆ. ಬೆಳಗ್ಗೆ ಎದ್ದಾಗ ಕೀಲುಗಳು ಬಿಗಿದುಕೊಂಡು ಒಂದು ಗಂಟೆಗೂ ಮಿಕ್ಕಿ ಸಡಿಲವಾಗದಿರುವುದು, ಎರಡೂ ಕೈಗಳ ಸಣ್ಣ ಕೀಲುಗಳು ಒಟ್ಟಿಗೆ ಊದಿಕೊಳ್ಳುವುದು ಇದರ ಮುಖ್ಯ ಚಿಹ್ನೆಗಳು. ವೈದ್ಯರು ಇವುಗಳನ್ನು ವಿಚಾರಿಸಿ, ರಕ್ತಪರೀಕ್ಷೆ ಮತ್ತು ಕ್ಷ-ಕಿರಣ ಚಿತ್ರಗಳ ಸಹಾಯದಿಂದ ನಿರ್ಧಾರಕ್ಕೆ ಬರುತ್ತಾರೆ. ರೆನ್ವಾರನ ಕಾಲದಲ್ಲಿ ಇಷ್ಟು ಅನುಕೂಲವಿರಲಿಲ್ಲ. ಕ್ಷ-ಕಿರಣಗಳು ಪತ್ತೆಯಾದದ್ದೇ 1895ರಲ್ಲಿ. ಅವನ ಛಾಯಾಚಿತ್ರಗಳನ್ನೂ ಪತ್ರಗಳನ್ನೂ ಪರಿಶೀಲಿಸಿದ ನಂತರದ ಕಾಲದ ವೈದ್ಯರು, ವರ್ಷದಿಂದ ವರ್ಷಕ್ಕೆ ಅವನ ಬೆರಳುಗಳು ತಿರುಚಿಕೊಂಡ ಬಗೆಯಿಂದಲೇ ರೋಗವನ್ನು ಗುರುತಿಸಿದ್ದಾರೆ.

ಆಗ ಈ ರೋಗವನ್ನು ತಡೆಯಬಲ್ಲ ಮದ್ದೂ ಇರಲಿಲ್ಲ. ರೆನ್ವಾರನು ಬಿಸಿನೀರಿನ ಬುಗ್ಗೆಗಳಿರುವ ಊರುಗಳಿಗೆ ಹೋಗಿ ಸ್ನಾನ ಮಾಡಿದನು. ಬೆರಳುಗಳ ಚುರುಕು ಉಳಿಯಲೆಂದು ಪ್ರತಿದಿನವೂ ಮೂರು ಸಣ್ಣ ಚೆಂಡುಗಳನ್ನು ಮೇಲಕ್ಕೆಸೆದು ಹಿಡಿಯುವ ಅಭ್ಯಾಸ ಮಾಡುತ್ತಿದ್ದನು. ಚೆಂಡುಗಳು ಕೈಗೆ ನಿಲ್ಲದಂತಾದಾಗ ಒಂದು ಸಣ್ಣ ಮರದ ತುಂಡನ್ನು ಎಸೆದು ಹಿಡಿಯತೊಡಗಿದನು. ಚಳಿಯಿಂದ ನೋವು ಹೆಚ್ಚುತ್ತಿದ್ದುದರಿಂದ ದಕ್ಷಿಣ ಫ್ರಾನ್ಸಿನ ಬೆಚ್ಚನೆಯ ಕಡಲತೀರವನ್ನು ಅರಸಿ ಹೋದನು. ಅಲ್ಲಿ ಕಾನ್ಯ ಎಂಬ ಊರಿನ ಬಳಿ ಹಳೆಯ ಆಲಿವ್ ಮರಗಳ ತೋಪೊಂದಿತ್ತು. ಆ ಮರಗಳು ಕೊಡಲಿಗೆ ಬಲಿಯಾಗಬಾರದೆಂದು 1907ರಲ್ಲಿ ಆ ಜಮೀನನ್ನೇ ಕೊಂಡು ಮನೆ ಕಟ್ಟಿಸಿದನು.

1912ರ ಹೊತ್ತಿಗೆ ಅವನ ನಡಿಗೆ ನಿಂತುಹೋಗಿ, ಗಾಲಿಕುರ್ಚಿಯೇ ಗತಿಯಾಯಿತು. ಆಗ ನಡೆದ ಒಂದು ಪ್ರಸಂಗವನ್ನು ಅವನ ಮಗ ಜಾನ್ ರೆನ್ವಾರನು ತಂದೆಯ ಜೀವನಚರಿತ್ರೆಯಲ್ಲಿ ವಿವರಿಸಿದ್ದಾನೆ. ಒಬ್ಬ ವೈದ್ಯನು ರೆನ್ವಾರನನ್ನು ಮತ್ತೆ ನಡೆಸುವುದಾಗಿ ಭರವಸೆ ಕೊಟ್ಟು ಚಿಕಿತ್ಸೆ ಆರಂಭಿಸಿದನು. ಮುಂದೆ ಒಂದು ದಿನ ಅವನನ್ನು ಕುರ್ಚಿಯಿಂದ ಎಬ್ಬಿಸಿ ನಿಲ್ಲಿಸಿದನು. ಮನೆಯವರೆಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿರಲು ರೆನ್ವಾರನು ಕೆಲವು ಹೆಜ್ಜೆಗಳನ್ನು ಇಟ್ಟನು. ಚಿತ್ರದ ಹಲಗೆಯನ್ನು ಸುತ್ತಿ ಬಂದು ಮತ್ತೆ ಕುರ್ಚಿಯಲ್ಲಿ ಕುಳಿತನು. ಬಳಿಕ, ತಾನು ಇನ್ನು ನಡೆಯುವುದಿಲ್ಲವೆಂದು ಶಾಂತವಾಗಿ ತಿಳಿಸಿದನು. ನಡೆಯುವುದಕ್ಕೆ ಮನಸ್ಸಿನ ಶಕ್ತಿಯೆಲ್ಲವೂ ವೆಚ್ಚವಾಗುತ್ತದೆ, ಚಿತ್ರ ಬರೆಯಲು ಏನೂ ಉಳಿಯುವುದಿಲ್ಲ ಎಂಬುದು ಅವನ ಲೆಕ್ಕಾಚಾರವಾಗಿತ್ತು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿ ಬಂದಾಗ ಅವನು ಕುಂಚವನ್ನು ಆರಿಸಿಕೊಂಡನು. ಆ ದಿನದಿಂದ ಅವನು ನಡೆಯಲಿಲ್ಲ.

ಕುಂಚ ಹಿಡಿಯುವುದಾದರೂ ಸುಲಭವಾಗಿತ್ತೆ? ಬೆರಳುಗಳು ಅಂಗೈಯೊಳಕ್ಕೆ ಮಡಿಸಿಕೊಂಡಿದ್ದವು. ಉಗುರುಗಳು ಚರ್ಮವನ್ನು ಗಾಯಗೊಳಿಸದಿರಲೆಂದು ಅಂಗೈಗೆ ಬಟ್ಟೆಯ ಪಟ್ಟಿಯನ್ನು ಸುತ್ತುತ್ತಿದ್ದರು. ಇದನ್ನು ಕಂಡವರು ಕುಂಚವನ್ನೇ ಅವನ ಕೈಗೆ ಕಟ್ಟುತ್ತಾರೆಂದು ಭ್ರಮಿಸಿದರು. ಆ ಕಥೆ ಲೋಕದಲ್ಲೆಲ್ಲ ಹಬ್ಬಿತು. ಅದು ನಿಜವಲ್ಲ. ಇತರರು ಕುಂಚವನ್ನು ಬೆರಳುಗಳ ನಡುವೆ ಇಡುತ್ತಿದ್ದರು. ಹಿಡಿಯುತ್ತಿದ್ದವನು, ಎಳೆಯುತ್ತಿದ್ದವನು ರೆನ್ವಾರನೇ. 1915ರಲ್ಲಿ ಸಾಶಾ ಗೀತ್ರಿ ಎಂಬಾತನು ತೆಗೆದ ಚಲನಚಿತ್ರದಲ್ಲಿ ಈ ದೃಶ್ಯವನ್ನು ಇಂದಿಗೂ ಕಾಣಬಹುದು. ಕಿರಿಯ ಮಗ ಕ್ಲೋದನು ಪಕ್ಕದಲ್ಲಿ ನಿಂತು ನೆರವಾಗುತ್ತಿರಲು, ವೃದ್ಧನು ಚುರುಕಾಗಿ ಬಣ್ಣ ಹಚ್ಚುತ್ತಾನೆ.

ಭುಜವು ಹೆಚ್ಚು ಚಲಿಸದಿದ್ದುದರಿಂದ ದೊಡ್ಡ ಚಿತ್ರಗಳನ್ನು ಬರೆಯುವುದು ಕಷ್ಟವಾಯಿತು. ಅದಕ್ಕೂ ಒಂದು ಉಪಾಯ ಸಿದ್ಧವಾಯಿತು. ಚಿತ್ರದ ಬಟ್ಟೆಯನ್ನು ಉರುಳೆಗಳಿಗೆ ಸುತ್ತಿ, ಹಿಡಿಕೆಯೊಂದನ್ನು ತಿರುಗಿಸಿ ಮೇಲಕ್ಕೂ ಕೆಳಕ್ಕೂ ಸರಿಸುವ ಸಾಧನವನ್ನು ಮಾಡಿಸಿದರು. ಕೈ ಚಿತ್ರದ ಬಳಿಗೆ ಹೋಗಲಾರದಾದಾಗ ಚಿತ್ರವೇ ಕೈಯ ಬಳಿಗೆ ಬಂದಿತು! 1913ರಿಂದ ಅವನು ಶಿಲ್ಪಕಲೆಗೂ ಗಮನ ಕೊಟ್ಟನು. ರಿಚರ್ಡ್ ಗೀನೊ ಎಂಬ ತರುಣ ಶಿಲ್ಪಿಯು ಅವನ ಸೂಚನೆಯಂತೆ ಜೇಡಿಮಣ್ಣಿನಲ್ಲಿ ರೂಪಗಳನ್ನು ಮೂಡಿಸಿದನು. ಬಹುಕಾಲದ ಮೇಲೆ, 1973ರಲ್ಲಿ, ಫ್ರಾನ್ಸಿನ ನ್ಯಾಯಾಲಯವು ಗೀನೊ ಆ ಶಿಲ್ಪಗಳ ಸಹಕರ್ತೃವೆಂದು ಎತ್ತಿಹಿಡಿಯಿತು. ರೆನ್ವಾರನ ಸಾಧನೆಯ ಹಿಂದೆ ಇಂಥ ಅನೇಕರ ಕೈಗಳಿದ್ದವು ಎಂಬುದನ್ನು ಮರೆಯಲಾಗದು.

ಕಷ್ಟಗಳು ದೇಹಕ್ಕಷ್ಟೇ ಸೀಮಿತವಾಗಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಹಿರಿಯ ಮಕ್ಕಳಿಬ್ಬರೂ ತೀವ್ರವಾಗಿ ಗಾಯಗೊಂಡರು. 1915ರಲ್ಲಿ ಪತ್ನಿ ಅಲೀನ್ ತೀರಿಕೊಂಡಳು. ಆದರೂ ಅವನ ಚಿತ್ರಗಳಲ್ಲಿ ಗೋಳಿನ ಸುಳಿವಿಲ್ಲ. 1918-19ರಲ್ಲಿ ರಚಿಸಿದ ‘ಸ್ನಾನ ಮಾಡುವವರು’ ಎಂಬ ದೊಡ್ಡ ಚಿತ್ರದಲ್ಲಿ ಹಸುರೂ ಬಿಸಿಲೂ ತುಂಬಿ ತುಳುಕುತ್ತಿವೆ. 1919ರಲ್ಲಿ ಅವನನ್ನು ಕುರ್ಚಿಯಲ್ಲಿ ಕೂರಿಸಿ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯವನ್ನು ಸುತ್ತಿಸಿದರು. ಅದೇ ವರ್ಷ ಡಿಸೆಂಬರ್ 3ರಂದು, 78ನೆಯ ವಯಸ್ಸಿನಲ್ಲಿ, ರೆನ್ವಾರನು ಕಾನ್ಯದಲ್ಲಿ ಕಣ್ಣು ಮುಚ್ಚಿದನು.

ಅವನಿಗೆ ದೊರೆಯದ ಔಷಧಗಳು ಮುಂದಿನ ಪೀಳಿಗೆಗಳಿಗೆ ದೊರೆತವು. 1948ರಲ್ಲಿ ಅಮೆರಿಕದ ವೈದ್ಯ ಫಿಲಿಪ್ ಹೆಂಚ್ ಕಾರ್ಟಿಸೋನ್ ಎಂಬ ವಸ್ತುವನ್ನು ಈ ರೋಗಕ್ಕೆ ಪ್ರಯೋಗಿಸಿದನು. 1950ರಲ್ಲಿ ಸಂಗಡಿಗರೊಡನೆ ನೊಬೆಲ್ ಪಾರಿತೋಷಕವನ್ನು ಪಡೆದನು. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಮೆಥೊಟ್ರೆಕ್ಸೇಟ್ ಎಂಬ ಔಷಧದ ಹಿಂದೆ ಭಾರತೀಯನೊಬ್ಬನ ಪರಿಶ್ರಮವಿದೆ. ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದಲ್ಲಿ ನಡೆಸಿದ ಸಂಶೋಧನೆಯಿಂದ ಅದು ಹೊರಬಂದಿತು. ರಕ್ತದ ಕ್ಯಾನ್ಸರಿಗೆಂದು ಹುಟ್ಟಿದ ಮದ್ದು ಕೀಲುಗಳ ರಕ್ಷಣೆಗೂ ನೆರವಾಯಿತು. ಈಗ ರೋಗವನ್ನು ಬೇಗನೆ ಗುರುತಿಸಿ ಚಿಕಿತ್ಸೆ ಆರಂಭಿಸಿದರೆ ಬೆರಳುಗಳು ವಿಕಾರವಾಗುವುದನ್ನು ಬಹುಮಟ್ಟಿಗೆ ತಡೆಯಬಹುದು. ಆದ್ದರಿಂದ ಕೀಲುಗಳ ಊತವನ್ನು ‘ವಾಯು’ ಎಂದು ಕಡೆಗಣಿಸದೆ ವೈದ್ಯರಿಗೆ ತೋರಿಸುವುದು ವಿವೇಕ.

ನಮ್ಮ ಮನೆಗಳಲ್ಲಿಯೂ ಬೆಳಗಿನ ಜಾವ ಕೈ ಹಿಸುಕಿಕೊಳ್ಳುತ್ತ ಒಲೆಯ ಮುಂದೆ ಕೂರುವ ಅಜ್ಜಿಯರಿದ್ದಾರೆ, ಮೆಟ್ಟಿಲ ಬಳಿ ತಡೆದು ನಿಲ್ಲುವ ಹಿರಿಯರಿದ್ದಾರೆ. ಅವರ ನೋವು ಹೊರಗಿನ ಕಣ್ಣಿಗೆ ಕಾಣದು. ಕುಂಚವನ್ನು ಕೈಗಿಟ್ಟ ಬಾಲಕ ಕ್ಲೋದನಂತೆ ಅವರ ಬಳಿ ನಿಲ್ಲುವುದು ಕಿರಿಯರಿಗೆ ಸಾಧ್ಯವಾದ ಕೆಲಸ.

ಅಭ್ಯಾಸ

ಶಬ್ದಾರ್ಥ: ಕುಂಚ - ಬಣ್ಣ ಹಚ್ಚುವ ಸಾಧನ, ವ್ಯಾಧಿ - ರೋಗ, ಮೃದ್ವಸ್ಥಿ - ಮೆತುವಾದ ಎಲುಬು, ವೈಣಿಕ - ವೀಣೆ ನುಡಿಸುವವನು, ಪಾರಿತೋಷಕ - ಬಹುಮಾನ.

ಪ್ರಶ್ನೆಗಳು
1. ರುಮಟಾಯ್ಡ್ ಸಂಧಿವಾತದಲ್ಲಿ ಕೀಲುಗಳಿಗೆ ಹಾನಿಯಾಗುವ ಬಗೆಯನ್ನು ವಿವರಿಸಿ.
2. ರೆನ್ವಾರನು ನಡೆಯುವುದನ್ನು ಕೈಬಿಟ್ಟದ್ದೇಕೆ? ಆ ನಿರ್ಧಾರದ ಬಗ್ಗೆ ನಿಮ್ಮ ಅಭಿಪ್ರಾಯವೇನು?
3. ‘ಚಿತ್ರವೇ ಕೈಯ ಬಳಿಗೆ ಬಂದಿತು’ - ಈ ಮಾತಿನ ಸಂದರ್ಭವನ್ನು ತಿಳಿಸಿ, ಸ್ವಾರಸ್ಯವನ್ನು ವಿವರಿಸಿ.
4. ರೆನ್ವಾರನಿಗೆ ನೆರವಾದವರು ಯಾರು ಯಾರು? ಹೇಗೆ?