ಜಮೀನಿನ ಕ್ರಯ ಮತ್ತು ವಲಯ ನಿಯಮಗಳು: ಮುಂಗಡ ಕೊಡುವ ಮೊದಲು ತಿಳಿದಿರಬೇಕಾದುದು

ಬಿತ್ತನೆಗೆ ಮುಂಚೆ ಮಣ್ಣು ಪರೀಕ್ಷೆ ಮಾಡಿಸಬೇಕು, ಬೀಜದ ಮೊಳಕೆ ಪರೀಕ್ಷಿಸಬೇಕು ಎಂಬುದನ್ನು ನಮ್ಮ ರೈತರು ಇಂದು ಒಪ್ಪಿಕೊಂಡಿದ್ದಾರೆ. ಒಂದು ಹಂಗಾಮಿನ ಬೆಳೆ ಕೈಕೊಟ್ಟರೆ ಮುಂದಿನ ಹಂಗಾಮಿನಲ್ಲಿ ಸರಿಪಡಿಸಿಕೊಳ್ಳಬಹುದು. ಆದರೆ ಜಮೀನು ಕೊಳ್ಳುವಾಗ ಅಥವಾ ಮಾರುವಾಗ ಆದ ತಪ್ಪು ಒಂದು ಹಂಗಾಮಿಗೆ ಮುಗಿಯುವುದಿಲ್ಲ. ಅದು ಮಕ್ಕಳ ಕಾಲಕ್ಕೂ ಸಾಗುತ್ತದೆ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತು ಹುಟ್ಟಿದ್ದು ಇಂತಹ ವ್ಯಾಜ್ಯಗಳಿಂದಲೇ.

2020ರವರೆಗೆ ಕರ್ನಾಟಕದಲ್ಲಿ ರೈತರಲ್ಲದವರು ಕೃಷಿ ಜಮೀನು ಕೊಳ್ಳುವುದಕ್ಕೆ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಮುಗಳ ನಿರ್ಬಂಧವಿತ್ತು. 2020ರ ತಿದ್ದುಪಡಿಯು ಆ ಕಲಮುಗಳನ್ನು ತೆಗೆದುಹಾಕಿತು. ಪಟ್ಟಣದ ಕೊಳ್ಳುಗರು, ಬಡಾವಣೆ ಮಾಡುವವರು, ಮಧ್ಯವರ್ತಿಗಳು ಹಳ್ಳಿಯ ಜಮೀನಿನ ವ್ಯವಹಾರಕ್ಕೆ ಬರಲು ಇದ್ದ ಅಡ್ಡಿ ಹೋಗಿದೆ. ಆದ್ದರಿಂದ ಕೊಳ್ಳುವ ರೈತರೂ ಮಾರುವ ರೈತರೂ ಮೊದಲಿಗಿಂತ ಹೆಚ್ಚು ಎಚ್ಚರದಿಂದಿರುವುದು ಅವಶ್ಯಕ.

ಯಾವ ಜಮೀನಿನ ವಿಷಯದಲ್ಲೇ ಆಗಲಿ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕು. ಮೊದಲನೆಯದು, ಈ ಜಮೀನು ಯಾರದು? ಎರಡನೆಯದು, ಈ ಜಮೀನಿನಲ್ಲಿ ಏನು ಮಾಡಲು ಅವಕಾಶವಿದೆ? ಹಕ್ಕು ಸ್ವಚ್ಛವಾಗಿದ್ದರೂ ಬಳಕೆಗೆ ಅಡ್ಡಿಯಿರಬಹುದು. ಬಳಕೆಗೆ ಅಡ್ಡಿಯಿಲ್ಲದಿದ್ದರೂ ಹಕ್ಕಿನಲ್ಲಿ ದೋಷವಿರಬಹುದು. ಎರಡಕ್ಕೂ ಉತ್ತರ ದೊರೆತ ಮೇಲೆಯೇ ಮುಂಗಡ ಹಣದ ಮಾತು.

ಪಹಣಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಪಹಣಿಯನ್ನು ಉತ್ತರ ಕರ್ನಾಟಕದಲ್ಲಿ ಉತಾರ ಎನ್ನುತ್ತಾರೆ. ಪಹಣಿಯಲ್ಲಿ ಹೆಸರಿದ್ದರೆ ಸಾಕು, ಜಮೀನು ಅವರದೇ ಎಂಬ ನಂಬಿಕೆ ಬಹಳ ಕಡೆ ಇದೆ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 133ನೇ ಕಲಮಿನಂತೆ ಪಹಣಿಯ ದಾಖಲೆಯನ್ನು ಬೇರೆ ರೀತಿ ರುಜುವಾತಾಗುವವರೆಗೆ ಸರಿಯೆಂದು ಭಾವಿಸಲಾಗುತ್ತದೆ. ಅಂದರೆ ಅದು ಬಲವಾದ ಸಾಕ್ಷ್ಯ, ಆದರೆ ಹಕ್ಕುಪತ್ರವಲ್ಲ. ಹಕ್ಕು ಬರುವುದು ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಮಂಜೂರಾತಿ ಆದೇಶ ಅಥವಾ ವಾರಸಿನ ಮೂಲಕ. ಪಹಣಿಯ 10ನೇ ಕಾಲಮಿನಲ್ಲಿ ಹಕ್ಕು ಹೇಗೆ ಬಂತೆಂಬುದರ ಮ್ಯುಟೇಶನ್ ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ಹಿಡಿದು ಹಿಂದಿನ ಕಾಗದಗಳಿಗೆ ಹೋಗಬೇಕು. 11ನೇ ಕಾಲಮಿನಲ್ಲಿ ಬ್ಯಾಂಕಿನ ಸಾಲ, ನ್ಯಾಯಾಲಯದ ತಡೆ, ಭೂಸ್ವಾಧೀನದ ನಮೂದು ಮುಂತಾದವು ಇರುತ್ತವೆ. ಇದನ್ನು ಓದದೆ ಮುಂದಕ್ಕೆ ಹೋಗಬಾರದು.

ವಿಸ್ತೀರ್ಣದ ಕಾಲಮನ್ನೂ ಸರಿಯಾಗಿ ಓದಬೇಕು. ಉದಾಹರಣೆಗೆ, ಒಂದು ಸರ್ವೇ ನಂಬರಿನ ಒಟ್ಟು ವಿಸ್ತೀರ್ಣ 4 ಎಕರೆ ಎಂದಿಟ್ಟುಕೊಳ್ಳೋಣ. ಅದರಲ್ಲಿ 'ಎ' ಖರಾಬು 5 ಗುಂಟೆ, 'ಬಿ' ಖರಾಬು 11 ಗುಂಟೆ. ಎಕರೆಗೆ 40 ಗುಂಟೆಯಂತೆ ಒಟ್ಟು 160 ಗುಂಟೆಯಲ್ಲಿ 16 ಗುಂಟೆ ಕಳೆದರೆ ಸಾಗುವಳಿಗೆ ಉಳಿಯುವುದು 144 ಗುಂಟೆ, ಅಂದರೆ 3 ಎಕರೆ 24 ಗುಂಟೆ. 'ಎ' ಖರಾಬು ಬಂಡೆ ಮುಂತಾದ ಕಾರಣದಿಂದ ಸಾಗುವಳಿಗೆ ಬಾರದ ಭಾಗ. 'ಬಿ' ಖರಾಬು ದಾರಿ, ಹಳ್ಳ, ಸ್ಮಶಾನದಂತಹ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಭಾಗ. ಅದು ಮಾರುವವರ ಸ್ವಂತದ್ದಲ್ಲ. ಗುಂಟೆಗೆ 50,000 ರೂಪಾಯಿಯಂತೆ 4 ಎಕರೆಗೂ ಹಣ ಕೊಟ್ಟರೆ, 'ಬಿ' ಖರಾಬಿನ 11 ಗುಂಟೆಗಾಗಿ 5 ಲಕ್ಷ 50 ಸಾವಿರ ರೂಪಾಯಿ ಕೊಟ್ಟು ಏನೂ ಪಡೆಯದಂತಾಗುತ್ತದೆ.

ಸರ್ವೇ ನಂಬರಿನ ಒಂದು ಭಾಗವನ್ನು ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ ಬೇಕು. ಸರ್ವೇಯರು ಬಂದು ಅಳೆದಾಗ ಕೊಳ್ಳುವವರು ಸ್ಥಳದಲ್ಲಿದ್ದು, ಚಕ್ಕುಬಂದಿಯನ್ನು ನೆರೆಯ ಹಿಡುವಳಿದಾರರ ಎದುರಿನಲ್ಲಿ ಹೋಲಿಸಿ ನೋಡಬೇಕು. ಜಮೀನಿಗೆ ಹೋಗುವ ದಾರಿ ನಕ್ಷೆಯಲ್ಲಿದೆಯೇ ಅಥವಾ ನೆರೆಯವರು ಸೌಜನ್ಯಕ್ಕೆ ಬಿಟ್ಟದ್ದೇ ಎಂಬುದನ್ನು ಅಂದೇ ಕೇಳಬೇಕು.

ಹಕ್ಕಿನಲ್ಲಿ ಸಾಮಾನ್ಯವಾಗಿ ಕಂಡುಬರುವ ದೋಷಗಳು

1. ಪಾಲುದಾರರನ್ನು ಬಿಟ್ಟು ಮಾಡಿದ ಕ್ರಯ: ಪಿತ್ರಾರ್ಜಿತ ಜಮೀನಿನಲ್ಲಿ ಅಣ್ಣತಮ್ಮಂದಿರ ಸಹಿ ಪಡೆದು ಅಕ್ಕತಂಗಿಯರನ್ನು ಬಿಡುವುದು ಹಳೆಯ ರೂಢಿ. ಹಿಂದೂ ವಾರಸಾ ಕಾಯಿದೆಯ 2005ರ ತಿದ್ದುಪಡಿಯಂತೆ ಮಗಳು ಹುಟ್ಟಿನಿಂದಲೇ ಮಗನಷ್ಟೇ ಹಕ್ಕುಳ್ಳವಳು. 2005ರಲ್ಲಿ ತಂದೆ ಬದುಕಿರದಿದ್ದರೂ ಈ ಹಕ್ಕು ಇದೆಯೆಂದು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರಂದು ತೀರ್ಪು ನೀಡಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪತ್ರ ಅಥವಾ ನ್ಯಾಯಾಲಯದ ಡಿಕ್ರಿಯಿಂದ ಆದ ವಿಭಾಗಗಳನ್ನು ಇದು ಬದಲಿಸುವುದಿಲ್ಲ. ವಂಶವೃಕ್ಷ ತರಿಸಿ, ಹೆಣ್ಣುಮಕ್ಕಳ ಹೆಸರೂ ಅದರಲ್ಲಿದೆಯೇ ಎಂದು ಊರಿನಲ್ಲಿ ವಿಚಾರಿಸಬೇಕು. ಪೌತಿ ಖಾತೆ ಒಬ್ಬರ ಹೆಸರಿಗೆ ಆಗಿದೆ ಎಂದ ಮಾತ್ರಕ್ಕೆ ಉಳಿದವರ ಪಾಲು ಹೋಗುವುದಿಲ್ಲ. ಅಪ್ರಾಪ್ತ ವಯಸ್ಕರ ಪಾಲಿದ್ದರೆ ವಕೀಲರ ಸಲಹೆಯಿಲ್ಲದೆ ಹೆಜ್ಜೆ ಇಡಬಾರದು.

2. ಮಂಜೂರಾದ ಜಮೀನು: ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವುದನ್ನು 1978ರ ಕಾಯಿದೆ ನಿಷೇಧಿಸಿದೆ. ಅಂತಹ ಕ್ರಯ ನೋಂದಣಿಯಾಗಿದ್ದರೂ ಅಸಿಂಧು. ಉಪವಿಭಾಗಾಧಿಕಾರಿಗಳು ಜಮೀನನ್ನು ಮೂಲ ಮಂಜೂರಾತಿದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳಿ ಕೊಡಿಸಬಹುದು. ಇದಕ್ಕೆ ಕಾಲಮಿತಿ ಅಡ್ಡಬಾರದೆಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿತು. ಇದನ್ನು ಕೊಳ್ಳುವವರಿಗೆ ಹಾಕಿದ ತೊಡಕೆಂದು ತಿಳಿಯಬಾರದು. ಬಡ ಕುಟುಂಬಕ್ಕೆ ಸಿಕ್ಕ ತುಂಡು ನೆಲ ಅವರಲ್ಲೇ ಉಳಿಯಲಿ ಎಂಬುದೇ ಇದರ ಉದ್ದೇಶ. ಬೇರೆಯವರಿಗೆ ದರಖಾಸ್ತಿನಲ್ಲಿ ಬಂದ ಜಮೀನಿಗೂ ಇಂತಿಷ್ಟು ವರ್ಷ ಮಾರಬಾರದೆಂಬ ಷರತ್ತು ಇರಬಹುದು. ಸಾಗುವಳಿ ಚೀಟಿಯನ್ನೂ ಮೂಲ ಮಂಜೂರಾತಿ ಆದೇಶವನ್ನೂ ಓದಿಸಬೇಕು.

3. ಋಣಭಾರ ಪತ್ರದಲ್ಲಿ ಕಾಣದ ಹೊರೆಗಳು: ಉಪನೋಂದಣಾಧಿಕಾರಿಗಳ ಕಚೇರಿಯಿಂದ ಪಡೆಯುವ ಋಣಭಾರ ಪತ್ರ ಅಥವಾ ಇ.ಸಿ. ನೋಂದಣಿಯಾದ ವ್ಯವಹಾರಗಳನ್ನು ಮಾತ್ರ ತೋರಿಸುತ್ತದೆ. ನೋಂದಣಿಯಾಗದ ಕರಾರು, ಬಾಯಿಮಾತಿನ ಪಾಲು, ನಡೆಯುತ್ತಿರುವ ದಾವೆ ಅದರಲ್ಲಿ ಕಾಣದಿರಬಹುದು. ಆದ್ದರಿಂದ ಮೂಲ ಪತ್ರಗಳನ್ನು ಕಣ್ಣಾರೆ ನೋಡಬೇಕು. ಮೂಲಪತ್ರ ಕಳೆದಿದೆ ಎಂದು ನಕಲನ್ನು ಮಾತ್ರ ತೋರಿಸಿದರೆ ಅದು ಎಲ್ಲಿಯಾದರೂ ಅಡವಿದೆಯೇ ಎಂದು ವಿಚಾರಿಸಬೇಕು.

4. ಅಧಿಕಾರಪತ್ರದ ಮೇಲೆ ಮಾಡಿದ ವ್ಯಾಪಾರ: ಕರಾರು, ಜನರಲ್ ಪವರ್ ಆಫ್ ಅಟಾರ್ನಿ, ಹಣ ಪಡೆದ ರಸೀದಿ ಇಷ್ಟರಿಂದಲೇ ಜಮೀನಿನ ಹಕ್ಕು ವರ್ಗವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಹೇಳಿದೆ. ನೋಂದಾಯಿತ ಕ್ರಯಪತ್ರವೇ ಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನೋಂದಣಿ ಕಚೇರಿಯು ಪತ್ರವನ್ನು ನೋಂದಾಯಿಸುತ್ತದೆಯೇ ಹೊರತು ಮಾರುವವರ ಹಕ್ಕಿಗೆ ಜಾಮೀನು ನಿಲ್ಲುವುದಿಲ್ಲ. ಮಾರುವವರಿಗೆ ಇಲ್ಲದ ಹಕ್ಕು ನೋಂದಣಿಯಿಂದ ಕೊಂಡವರಿಗೆ ಬರುವುದಿಲ್ಲ.

ವಲಯ ನಿಯಮಗಳು

ಈಗ ಎರಡನೆಯ ಪ್ರಶ್ನೆ. ಪಟ್ಟಣಗಳ ಸುತ್ತ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ಯೋಜನಾ ಪ್ರದೇಶಗಳನ್ನು ಗುರುತಿಸಿ ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲಾನ್, ಸಿದ್ಧಪಡಿಸಲಾಗುತ್ತದೆ. ಯಾವ ಭಾಗ ವಸತಿಗೆ, ಯಾವುದು ವಾಣಿಜ್ಯಕ್ಕೆ, ಕೈಗಾರಿಕೆಗೆ, ಉದ್ಯಾನಕ್ಕೆ, ರಸ್ತೆಗೆ, ಕೃಷಿಗೆ ಎಂದು ಅದರಲ್ಲಿ ಬಣ್ಣದಿಂದ ತೋರಿಸಿರುತ್ತಾರೆ. ಜನರು ಹಳದಿ ವಲಯ, ಹಸಿರು ವಲಯ ಎನ್ನುವುದು ಇದನ್ನೇ. ಪ್ರತಿ ವಲಯದಲ್ಲಿ ಏನು ಕಟ್ಟಬಹುದು, ಎಷ್ಟು ಜಾಗ ಬಿಡಬೇಕು ಎಂಬುದು ವಲಯ ನಿಯಮಾವಳಿಯಲ್ಲಿದೆ. ಹಳ್ಳಿಯ ಪಹಣಿಯಲ್ಲಿ ಜಮೀನು ರಾಗಿ, ಜೋಳ ಬೆಳೆಯುವ ಖುಷ್ಕಿಯೆಂದೇ ಇದ್ದರೂ ಮಹಾಯೋಜನೆಯಲ್ಲಿ ಅದರ ಮೇಲೆ ರಸ್ತೆ ಹಾದಿರಬಹುದು. ಪಹಣಿಯನ್ನು ನೋಡಿದವರಿಗೆ ಇದು ತಿಳಿಯುವುದಿಲ್ಲ.

ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು ಭೂಕಂದಾಯ ಕಾಯಿದೆಯ 95ನೇ ಕಲಮಿನಂತೆ ಭೂಪರಿವರ್ತನೆ ಆಗಬೇಕು. ಹಳಬರು ಅನ್ಯಕ್ರಾಂತ ಎನ್ನುವುದೂ, ಉತ್ತರ ಕರ್ನಾಟಕದವರು ಎನ್.ಎ. ಎನ್ನುವುದೂ ಇದನ್ನೇ. ಮಹಾಯೋಜನೆಯಲ್ಲಿ ಕೃಷಿ ವಲಯವೆಂದಿರುವ ಕಡೆ ವಸತಿ ಬಡಾವಣೆ ಮಾಡಬೇಕೆಂದರೆ ಮೊದಲು ಯೋಜನಾ ಕಾಯಿದೆಯಂತೆ ಬಳಕೆಯ ಬದಲಾವಣೆಗೆ ಅನುಮತಿ ಬೇಕು. ಪರಿವರ್ತನೆ ಆದ ಮೇಲೂ ನಿವೇಶನಗಳಾಗಿ ವಿಂಗಡಿಸಲು ಯೋಜನಾ ಪ್ರಾಧಿಕಾರದ ವಿನ್ಯಾಸ ಮಂಜೂರಾತಿ ಬೇಕು. ಹೀಗೆ ವಲಯ, ಪರಿವರ್ತನೆ, ವಿನ್ಯಾಸ ಎಂಬ ಮೂರು ಬೇರೆಬೇರೆ ಮೆಟ್ಟಿಲುಗಳಿವೆ. ಒಂದು ಆದದ್ದನ್ನು ತೋರಿಸಿ ಮೂರೂ ಆಗಿವೆ ಎನ್ನುವವರ ಮಾತನ್ನು ನಂಬಬಾರದು. ಇವಿಲ್ಲದೆ ಕಲ್ಲು ನೆಟ್ಟು ಮಾರುವ ರೆವಿನ್ಯೂ ನಿವೇಶನಗಳಲ್ಲಿ ಮುಂದೆ ಖಾತೆ, ಕಟ್ಟಡ ಪರವಾನಗಿ, ಬ್ಯಾಂಕಿನ ಸಾಲ ಇವೆಲ್ಲಕ್ಕೂ ತೊಂದರೆ.

ಸಾಗುವಳಿಗೆ ಬೇಕಾದ ಬಾವಿ, ದನದ ಕೊಟ್ಟಿಗೆ, ಉಪಕರಣಗಳ ಕೊಠಡಿ ಮುಂತಾದವಕ್ಕೆ ಭೂಪರಿವರ್ತನೆ ಬೇಕಿಲ್ಲ. ಆದರೆ ತೋಟದ ಮನೆಯ ಹೆಸರಿನಲ್ಲಿ ಹೋಟೆಲನ್ನೋ ಗೋದಾಮನ್ನೋ ಕಟ್ಟಿದರೆ ಅದು ಕೃಷಿ ಬಳಕೆಯಾಗುವುದಿಲ್ಲ.

ಮಹಾಯೋಜನೆಯನ್ನು ಯೋಜನಾ ಪ್ರಾಧಿಕಾರದ ಅಥವಾ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯ ಕಚೇರಿಯಲ್ಲಿ ನೋಡಬಹುದು. ಸರ್ವೇ ನಂಬರನ್ನು ಬರೆದು ಅರ್ಜಿ ಕೊಟ್ಟು, ವಲಯದ ವಿವರವನ್ನು ಲಿಖಿತವಾಗಿ ಪಡೆಯುವುದು ಉತ್ತಮ. ಅದರ ಜೊತೆಗೆ ಕೆರೆ, ರಾಜಕಾಲುವೆಗಳ ಅಂಚಿನಲ್ಲಿ ಬಿಡಬೇಕಾದ ಜಾಗ, ಹೆದ್ದಾರಿಯ ಕಟ್ಟಡ ರೇಖೆ, ಭೂಸ್ವಾಧೀನದ ಪ್ರಾಥಮಿಕ ಅಧಿಸೂಚನೆ ಇವುಗಳನ್ನೂ ಕೇಳಬೇಕು.

ಮಾರುವ ರೈತರಿಗೆ

ಮೋಸ ಹೋಗುವವರು ಕೊಳ್ಳುವವರು ಮಾತ್ರವಲ್ಲ. ಬಡಾವಣೆ ಮಾಡುವವರು ಅಲ್ಪ ಮುಂಗಡ ಕೊಟ್ಟು, ಕರಾರಿನ ಜೊತೆಗೆ ಅಧಿಕಾರಪತ್ರಕ್ಕೂ ಸಹಿ ಕೇಳುತ್ತಾರೆ. ಹಣ ಪಡೆದು ಬರೆದುಕೊಟ್ಟ ಅಧಿಕಾರಪತ್ರದಲ್ಲಿ ಪಡೆದವರ ಹಿತಾಸಕ್ತಿಯೂ ಸೇರಿದ್ದರೆ ಅದನ್ನು ಆಮೇಲೆ ಸುಲಭವಾಗಿ ರದ್ದುಪಡಿಸಲಾಗದು. ಜಮೀನು ಹೆಸರಿನಲ್ಲೇ ಇದ್ದರೂ ಬೇರೆಯವರಿಗೆ ಮಾರಲಾಗದೆ, ಪೂರ್ತಿ ಹಣವೂ ಬಾರದೆ ಕುಟುಂಬ ನಡುವೆ ಸಿಕ್ಕಿಬೀಳುತ್ತದೆ. ಆದ್ದರಿಂದ ಖಾಲಿ ಛಾಪಾ ಕಾಗದಕ್ಕೆ ಸಹಿ ಮಾಡಬಾರದು. ಪೂರ್ತಿ ಹಣ ಬರುವ ಮುಂಚೆ ಮೂಲಪತ್ರಗಳನ್ನು ಒಪ್ಪಿಸಬಾರದು. ಕರಾರಿನಲ್ಲಿ ಬಾಕಿ ಹಣದ ದಿನಾಂಕವನ್ನೂ ತಪ್ಪಿದರೆ ಆಗುವ ಪರಿಣಾಮವನ್ನೂ ಬರೆಸಬೇಕು.

ಕೊಳ್ಳುವವರು ಬರೆಸಬೇಕಾದ ಷರತ್ತೂ ಒಂದಿದೆ. ಪಾಲುದಾರರ ತಕರಾರು ಬಂದರೆ, ಅಥವಾ ಉದ್ದೇಶಿತ ಬಳಕೆಗೆ ವಲಯ ನಿಯಮದ ಅನುಮತಿ ದೊರೆಯದಿದ್ದರೆ ಮುಂಗಡವನ್ನು ಇಷ್ಟು ದಿನದೊಳಗೆ ಹಿಂತಿರುಗಿಸಬೇಕು ಎಂಬ ಒಂದು ಸಾಲು ಎಷ್ಟೋ ವ್ಯಾಜ್ಯಗಳನ್ನು ತಪ್ಪಿಸುತ್ತದೆ.

ಕಾನೂನು ನೆರವು ಪಡೆಯುವುದು ಹೇಗೆ?

ಪತ್ರ ಬರಹಗಾರರು ಹೇಳಿದ್ದನ್ನು ಬರೆದುಕೊಡುವವರು. ಹಕ್ಕನ್ನು ಪರಿಶೀಲಿಸುವುದು ವಕೀಲರ ಕೆಲಸ. ಮಾರುವವರು ಅಥವಾ ಮಧ್ಯವರ್ತಿ ಗೊತ್ತುಮಾಡಿದ ವಕೀಲರಲ್ಲದೆ ತಮ್ಮದೇ ವಕೀಲರಿಗೆ ಕಾಗದ ತೋರಿಸಿ, ಅಭಿಪ್ರಾಯವನ್ನು ಬರಹದಲ್ಲಿ ಪಡೆಯಬೇಕು. ಸಾಮಾನ್ಯವಾಗಿ ಹಿಂದಿನ 30 ವರ್ಷಗಳ ಪತ್ರಗಳ ಸರಪಣಿಯನ್ನು ಪರಿಶೀಲಿಸುವ ಪದ್ಧತಿಯಿದೆ. ಮಂಜೂರಾದ ಜಮೀನಾದರೆ ಮೂಲ ಆದೇಶದವರೆಗೂ ಹೋಗಬೇಕು. ಇದನ್ನು ಮಾಡಬೇಕಾದುದು ಕರಾರಿಗೆ ಮೊದಲು, ಸಹಿಯಾದ ಮೇಲಲ್ಲ.

ಶುಲ್ಕ ಕೊಡಲಾಗದವರು ಹಿಂಜರಿಯಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ವರಮಾನ ಎಷ್ಟೇ ಇದ್ದರೂ ಉಚಿತ ನೆರವಿಗೆ ಅರ್ಹರು. ಉಳಿದವರಿಗೆ ವರಮಾನದ ಮಿತಿಯಿದೆ. ಕಾನೂನು ಸೇವೆ ಎಂದರೆ ದಾವೆ ನಡೆಸುವುದು ಮಾತ್ರವಲ್ಲ, ಸಲಹೆ ಕೊಡುವುದೂ ಅದರಲ್ಲಿ ಸೇರಿದೆ. ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಬಹುದು. 15100 ಸಂಖ್ಯೆಗೆ ದೂರವಾಣಿ ಮಾಡಿಯೂ ಕೇಳಬಹುದು. ಈಗಾಗಲೇ ವ್ಯಾಜ್ಯ ಹುಟ್ಟಿದ್ದರೆ ಲೋಕ ಅದಾಲತ್ತಿನ ದಾರಿಯಿದೆ. ಅಲ್ಲಿ ರಾಜಿಯಿಂದ ಆದ ತೀರ್ಮಾನಕ್ಕೆ ಡಿಕ್ರಿಯ ಬಲವಿದ್ದು, ಅದರ ಮೇಲೆ ಅಪೀಲು ಇರುವುದಿಲ್ಲ. ಆದ್ದರಿಂದ ಪೂರ್ತಿ ಅರ್ಥಮಾಡಿಕೊಂಡೇ ಒಪ್ಪಬೇಕು.

ಕ್ರಯ ಮುಗಿದ ಮೇಲೆ ಮ್ಯುಟೇಶನ್ ಆಗಿ ಪಹಣಿಯಲ್ಲಿ ಹೆಸರು, ವಿಸ್ತೀರ್ಣ ಸರಿಯಾಗಿ ಬಂದಿವೆಯೇ ಎಂದು ನೋಡಿಕೊಳ್ಳಬೇಕು. ಆಮೇಲೆಯೂ ವರ್ಷಕ್ಕೊಮ್ಮೆ ಪಹಣಿ ತೆಗೆಸಿ ನೋಡುವುದು ಒಳ್ಳೆಯ ಅಭ್ಯಾಸ.

ಗುಂಪು ಚರ್ಚೆಗೆ ಪ್ರಶ್ನೆಗಳು

ವಿಸ್ತರಣಾ ಕಾರ್ಯಕರ್ತರು ಗ್ರಾಮದ ಸಭೆಯಲ್ಲಿ ಒಂದು ಪಹಣಿಯ ಪ್ರತಿಯನ್ನು ಎದುರಿಗಿಟ್ಟುಕೊಂಡು ಈ ಪ್ರಶ್ನೆಗಳನ್ನು ಚರ್ಚಿಸಬಹುದು.

1. ಈ ಪಹಣಿಯಲ್ಲಿ ಹೆಸರಿರುವವರಿಗೆ ಹಕ್ಕು ಯಾವ ಪತ್ರದಿಂದ ಬಂದಿದೆ?
2. ಖರಾಬು ಕಳೆದು ಉಳಿಯುವ ವಿಸ್ತೀರ್ಣವೆಷ್ಟು?
3. ಈ ಕುಟುಂಬದಲ್ಲಿ ಸಹಿ ಹಾಕಬೇಕಾದವರು ಯಾರು ಯಾರು? ಹೆಣ್ಣುಮಕ್ಕಳನ್ನು ಲೆಕ್ಕಕ್ಕೆ ಹಿಡಿಯಲಾಗಿದೆಯೇ?
4. ನಮ್ಮ ಗ್ರಾಮ ಯಾವುದಾದರೂ ಯೋಜನಾ ಪ್ರದೇಶಕ್ಕೆ ಸೇರಿದೆಯೇ? ಸೇರಿದ್ದರೆ ಈ ಸರ್ವೇ ನಂಬರು ಯಾವ ವಲಯದಲ್ಲಿದೆ?
5. ನಮ್ಮ ತಾಲ್ಲೂಕಿನ ಕಾನೂನು ಸೇವೆಗಳ ಸಮಿತಿಯ ಕಚೇರಿ ಎಲ್ಲಿದೆ?

ಈ ಐದಕ್ಕೂ ಉತ್ತರ ದೊರೆಯದೆ ಜಮೀನಿನ ಮೇಲೆ ಒಂದು ರೂಪಾಯಿಯನ್ನೂ ಮುಂಗಡ ಕೊಡಬಾರದು, ಪಡೆಯಲೂಬಾರದು.