ಕೊಬ್ಬರಿಯೂ ಬೆಳಕಿನ ತಕ್ಕಡಿಯೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಗೆ ಕಲ್ಪತರು ನಾಡೆಂಬ ಹೆಸರು ಸುಮ್ಮನೆ ಬಂದುದಲ್ಲ. ಇಲ್ಲಿನ ಉಂಡೆ ಕೊಬ್ಬರಿ ದೂರದೂರದ ಊರುಗಳಿಗೆ ಹೋಗುತ್ತದೆ. ಮರದಿಂದ ಇಳಿಸಿದೊಡನೆ ಕಾಯಿ ಕೊಬ್ಬರಿಯಾಗುವುದಿಲ್ಲ. ಸಿಪ್ಪೆಸಹಿತ ಅಟ್ಟದ ಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷವೇ, ಒಣಗಬೇಕು. ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು, ಅಲ್ಲಾಡಿಸಿದಾಗ ಗಡಗಡ ಸದ್ದಾದರೆ ಕಾಯಿ ಗಿಟುಕಾಯಿತೆನ್ನುತ್ತೇವೆ. ಹೀಗೆ ಕಾದು ಪಡೆದ ವಸ್ತುವಿನ ಗುಣವನ್ನು ಮಾರುಕಟ್ಟೆಯಲ್ಲಿ ಕಣ್ಣು, ಮೂಗು, ಕೈಗಳು ಕೆಲವೇ ಕ್ಷಣಗಳಲ್ಲಿ ತೀರ್ಮಾನಿಸಿಬಿಡುತ್ತವೆ.

ತೂಕದ ವಿಷಯದಲ್ಲಿ ಜಗಳ ಕಡಿಮೆ. ಸೇರು ಮಣಗಳ ಗೊಂದಲವನ್ನು ಕಳೆಯಲು ೧೯೫೬ರಲ್ಲಿಯೇ ಶಾಸನವಾಯಿತು. ಕಿಲೋಗ್ರಾಂ ಎಲ್ಲರಿಗೂ ಒಂದೇ. ಗುಣದ ವರ್ಗೀಕರಣಕ್ಕೂ ೧೯೩೭ರ ಶಾಸನವಿದೆ. ಆಗ್‌ಮಾರ್ಕ್ ಮುದ್ರೆ ಅದರ ಫಲ. ಆದರೆ ಗುಣವನ್ನು ತೂಗುವ ತಕ್ಕಡಿ ಯಾವುದು? ಕಲಾ ವಿಭಾಗದ ವಿದ್ಯಾರ್ಥಿಗೆ ರಸಾಯನಶಾಸ್ತ್ರದ ಗೊಡವೆ ಏಕೆಂದು ಕೆಲವರು ಕೇಳಬಹುದು. ಬೆಲೆಯ ಚರ್ಚೆ ಅರ್ಥಶಾಸ್ತ್ರಕ್ಕೆ ಸೇರಿದ್ದು. ಬೆಲೆಯ ಬುಡದಲ್ಲಿರುವುದು ಗುಣ. ಗುಣದ ಬುಡದಲ್ಲಿರುವುದು ಅಳತೆ. ಆದ್ದರಿಂದ ಈ ಪ್ರಶ್ನೆ ನಮ್ಮದೂ ಹೌದು.

ಗುಣವನ್ನು ತೂಗುವ ತಕ್ಕಡಿಗಳಲ್ಲಿ ಒಂದು ಬೆಳಕು. ಬಿಳಿಯ ಬೆಳಕಿನಲ್ಲಿ ಹಲವು ಬಣ್ಣಗಳು ಅಡಗಿವೆಯೆಂಬುದನ್ನು ಹದಿನೇಳನೆಯ ಶತಮಾನದಲ್ಲಿ ನ್ಯೂಟನ್ನನು ಗಾಜಿನ ಪಟ್ಟಕದಿಂದ ತೋರಿಸಿದನು. ಹೀಗೆ ಬಿಚ್ಚಿ ಹರಡಿದ ಬಣ್ಣಗಳ ಪಟ್ಟಿಗೆ ರೋಹಿತವೆಂದು ಹೆಸರು. ಅರಿಶಿನ ನಮಗೆ ಹಳದಿಯಾಗಿ ಕಾಣುವುದೇಕೆ? ಅದು ನೇರಳೆ, ನೀಲಿ ಬೆಳಕನ್ನು ನುಂಗಿಕೊಂಡು ಉಳಿದುದನ್ನು ಬಿಟ್ಟುಕೊಡುವುದರಿಂದ. ಪ್ರತಿಯೊಂದು ರಾಸಾಯನಿಕ ಸಂಯುಕ್ತಕ್ಕೂ ತಾನು ನುಂಗುವ ಬೆಳಕು ಇಂಥದೆಂಬ ನಿಯಮವುಂಟು. ಏನನ್ನು ನುಂಗಿತೆಂದು ತಿಳಿದರೆ ನುಂಗಿದುದು ಯಾವ ವಸ್ತುವೆಂದು ಊಹಿಸಬಹುದು. ಎಷ್ಟು ನುಂಗಿತೆಂದು ತಿಳಿದರೆ ಆ ವಸ್ತು ಎಷ್ಟಿದೆಯೆಂದು ಹೇಳಬಹುದು. ಈ ಕೆಲಸ ಮಾಡುವ ಯಂತ್ರವೇ ಸ್ಪೆಕ್ಟ್ರೋಫೋಟೋಮೀಟರ್.

ಯಂತ್ರದ ರಚನೆ ಬಹು ಸರಳ. ಒಂದು ದೀಪ, ಬೆಳಕನ್ನು ಬಿಡಿಸಿ ಬೇಕಾದ ಒಂದು ಬಣ್ಣವನ್ನು ಮಾತ್ರ ಆರಿಸಿಕೊಡುವ ಪಟ್ಟಕ ಅಥವಾ ಸೂಕ್ಷ್ಮ ಗೆರೆಗಳ ಜಾಲರಿ, ದ್ರಾವಣವನ್ನು ತುಂಬಿದ, ಸಾಮಾನ್ಯವಾಗಿ ಒಂದು ಸೆಂಟಿಮೀಟರ್ ಅಗಲದ ಪಾರದರ್ಶಕ ಪಾತ್ರೆ, ಅದರಾಚೆ ಬಂದ ಬೆಳಕನ್ನು ಅಳೆಯುವ ವಿದ್ಯುತ್ ಕಣ್ಣು. ನೂರು ಭಾಗ ಬೆಳಕು ಹೋಗಿ ಹತ್ತು ಭಾಗ ಹೊರಬಂದರೆ ಹೀರಿಕೆ ೧ ಎನ್ನುತ್ತಾರೆ; ಒಂದೇ ಭಾಗ ಹೊರಬಂದರೆ ೨. ದ್ರಾವಣವು ತೆಳುವಾಗಿರುವಾಗ ಹೀರಿಕೆಯು ಕರಗಿದ ವಸ್ತುವಿನ ಸಾಂದ್ರತೆಗೆ ಅನುಗುಣವಾಗಿ ಏರುತ್ತದೆ. ಲ್ಯಾಂಬರ್ಟ್ (೧೭೬೦) ಮತ್ತು ಬೇರ್ (೧೮೫೨) ಎಂಬ ವಿಜ್ಞಾನಿಗಳ ಹೆಸರಿನಲ್ಲಿ ಈ ನಿಯಮ ಪ್ರಸಿದ್ಧವಾಗಿದೆ. ಒಂದು ಉದಾಹರಣೆ: ಲೀಟರಿಗೆ ೧೦ ಮಿಲಿಗ್ರಾಂ ಇರುವ ದ್ರಾವಣದ ಹೀರಿಕೆ ೦.೪೦ ಎಂದಿಟ್ಟುಕೊಳ್ಳಿ. ಅದೇ ವಸ್ತುವಿನ, ಪ್ರಮಾಣ ತಿಳಿಯದ ಇನ್ನೊಂದು ದ್ರಾವಣದ ಹೀರಿಕೆ ೦.೩೦ ಆದರೆ ಅದರಲ್ಲಿ ೭.೫ ಮಿಲಿಗ್ರಾಂ ಇದೆ. ತ್ರೈರಾಶಿಯ ಲೆಕ್ಕ ಬಲ್ಲವನಿಗೆ ಇದು ಕಷ್ಟವಲ್ಲ.

ಇನ್ನು ನಮ್ಮ ಕೊಬ್ಬರಿ ಎಣ್ಣೆಗೆ ಬರೋಣ. ಉಂಡೆ ಕೊಬ್ಬರಿ ಹೆಚ್ಚಾಗಿ ತಿನ್ನುವುದಕ್ಕೆ ಹೋಗುವುದಾದರೂ, ಕೊಬ್ಬರಿ ಎಣ್ಣೆಯ ಹೆಸರಿನಲ್ಲಿ ಅಗ್ಗದ ಎಣ್ಣೆ ಬೆರೆತು ಮಾರಾಟವಾದರೆ ತೆಂಗು ಬೆಳೆಗಾರನಿಗೂ ನಷ್ಟ, ಕೊಳ್ಳುವವನಿಗೂ ನಷ್ಟ. ಶುದ್ಧವಾದ ಎಣ್ಣೆ ಹೆಚ್ಚುಕಡಿಮೆ ಬಣ್ಣವಿಲ್ಲದ್ದು. ಕಣ್ಣಿಗೆ ಕಾಣುವ ಬೆಳಕು ಅದರ ಗುಟ್ಟನ್ನು ಅಷ್ಟಾಗಿ ಹೊರಗೆಡಹದು. ಆದ್ದರಿಂದ ಕಣ್ಣಿಗೆ ಕಾಣದ ಬೆಳಕನ್ನು ಕರೆಯಬೇಕಾಗುತ್ತದೆ. ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ ಕೆಡತೊಡಗಿದಾಗ ಹುಟ್ಟುವ ಕೆಲವು ಸಂಯುಕ್ತಗಳು ೨೩೨ ನ್ಯಾನೋಮೀಟರ್ ಸುತ್ತಿನ ಅತಿನೇರಳೆ ಬೆಳಕನ್ನು ಹೀರುತ್ತವೆ. ಸಾಮಾನ್ಯ ಗಾಜು ಆ ಬೆಳಕನ್ನು ತಡೆಯುವುದರಿಂದ ಅಲ್ಲಿ ಕ್ವಾರ್ಟ್ಸ್ ಪಾತ್ರೆಯೇ ಬೇಕು.

ಅವಕೆಂಪು ಬೆಳಕು ಇನ್ನೂ ಹೆಚ್ಚು ಹೇಳುತ್ತದೆ. ಅಣುವಿನೊಳಗಿನ ಬಂಧಗಳು ಬಿಗಿದ ತಂತಿಗಳಂತೆ ಕಂಪಿಸುತ್ತವೆ. ಒಂದೊಂದಕ್ಕೂ ಒಂದೊಂದು ಶ್ರುತಿ. ಈ ಶ್ರುತಿಯನ್ನು ಒಂದು ಸೆಂಟಿಮೀಟರಿನಲ್ಲಿ ಹಿಡಿಯುವ ಅಲೆಗಳ ಸಂಖ್ಯೆಯಿಂದ ಗುರುತಿಸುತ್ತಾರೆ. ಎಲ್ಲ ಅಡುಗೆ ಎಣ್ಣೆಗಳೂ ೧೭೪೫ರ ಸಮೀಪದಲ್ಲಿ ಬಲವಾಗಿ ಹೀರುತ್ತವೆ. ಖನಿಜ ಎಣ್ಣೆಗೆ ಆ ಗುರುತಿಲ್ಲ. ತೇವದಿಂದಲೂ ಬೂಷ್ಟಿನಿಂದಲೂ ಎಣ್ಣೆ ಒಡೆದು ಬಿಡಿ ಕೊಬ್ಬಿನಾಮ್ಲಗಳು ಹೆಚ್ಚಿದರೆ ೧೭೧೦ರ ಬಳಿ ಹೊಸದೊಂದು ಭುಜ ಏಳುತ್ತದೆ. ೩೦೦೬ರ ಬಳಿಯ ಗುರುತು ಅಪರ್ಯಾಪ್ತ ಕೊಬ್ಬಿನದು. ಕೊಬ್ಬರಿ ಎಣ್ಣೆಯಲ್ಲಿ ಶೇಕಡ ೯೦ರಷ್ಟು ಪರ್ಯಾಪ್ತ ಕೊಬ್ಬೇ ಇರುವುದರಿಂದ ಅದು ಬಹಳ ಕ್ಷೀಣ. ಸೂರ್ಯಕಾಂತಿ ಎಣ್ಣೆ ಬೆರೆತರೆ ಅದು ಕೂಡಲೆ ತಲೆಯೆತ್ತುತ್ತದೆ.

ಇದಕ್ಕಿಂತ ಅಗ್ಗವಾದ ಬಂಧುವೊಂದಿದೆ: ವಕ್ರೀಭವನಮಾಪಕ. ಬೆಳಕು ಎಣ್ಣೆಯೊಳಗೆ ಹೋಗುವಾಗ ಎಷ್ಟು ಬಾಗುತ್ತದೆಂಬುದನ್ನು ಅದು ಅಳೆಯುತ್ತದೆ. ಎಣ್ಣೆ ಒಂದೆರಡು ಹನಿ ಸಾಕು. ೪೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕೊಬ್ಬರಿ ಎಣ್ಣೆಯ ವಕ್ರೀಭವನಾಂಕ ೧.೪೪೮೧ರಿಂದ ೧.೪೪೯೧ರವರೆಗೆ, ಕಡಲೆಕಾಯಿ ಎಣ್ಣೆಯದು ೧.೪೬೨೦ರಿಂದ ೧.೪೬೪೦. ಹತ್ತರಲ್ಲೊಂದು ಪಾಲು ಕಡಲೆಕಾಯಿ ಎಣ್ಣೆ ಬೆರೆಸಿದರೆ ಅಂಕ ಸುಮಾರು ೧.೪೫೦೦ಕ್ಕೆ ಏರಿ ಮೇರೆಯನ್ನು ದಾಟುತ್ತದೆ. ಮೂಗಿಗೆ ತಿಳಿಯದ ಬೆರಕೆಯನ್ನು ನಾಲ್ಕನೆಯ ದಶಾಂಶ ಸ್ಥಾನ ಹಿಡಿದುಕೊಡುತ್ತದೆ!

ಆದರೆ ಯಂತ್ರವೆಂದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬಬಾರದು. ತಾಳೆಯ ಬೀಜದ ಎಣ್ಣೆ ಕೊಬ್ಬರಿ ಎಣ್ಣೆಗೆ ಅವಳಿಯಂತಿದೆ. ಎರಡರಲ್ಲೂ ಲಾರಿಕ್ ಆಮ್ಲವೇ ಪ್ರಧಾನ. ಅದು ಸ್ವಲ್ಪ ಬೆರೆತರೆ ವಕ್ರೀಭವನಮಾಪಕ ಮೋಸಹೋಗಬಹುದು. ಆಗ ಗ್ಯಾಸ್ ಕ್ರೊಮೆಟೋಗ್ರಾಫ್ ಎಂಬ ಯಂತ್ರದಲ್ಲಿ ಕೊಬ್ಬಿನಾಮ್ಲಗಳನ್ನು ಒಂದೊಂದಾಗಿ ಬೇರ್ಪಡಿಸಿ ನೋಡಬೇಕು. ತಾಳೆಬೀಜದ ಎಣ್ಣೆಯಲ್ಲಿ ಓಲಿಯಿಕ್ ಆಮ್ಲ ಶೇಕಡ ೧೨ರಿಂದ ೧೯. ಕೊಬ್ಬರಿ ಎಣ್ಣೆಯಲ್ಲಿ ೫ರಿಂದ ೧೦. ಒಬ್ಬ ಸಾಕ್ಷಿಯ ಮಾತನ್ನು ಇನ್ನೊಬ್ಬ ಸಾಕ್ಷಿಯಿಂದ ಪರಿಶೀಲಿಸುವ ನ್ಯಾಯಾಲಯದ ಕ್ರಮವೇ ಇಲ್ಲಿಯೂ.

ಈ ವಿದ್ಯೆಯೆಲ್ಲ ಪರದೇಶದ್ದೆಂದು ಭಾವಿಸಬೇಕಾಗಿಲ್ಲ. ದ್ರವದಲ್ಲಿ ಚದರಿದ ಬೆಳಕಿನ ಸ್ವಲ್ಪ ಪಾಲು ಬಣ್ಣ ಬದಲಿಸಿಕೊಂಡು ಬರುವುದನ್ನು ೧೯೨೮ರ ಫೆಬ್ರವರಿ ೨೮ರಂದು ಕಲ್ಕತ್ತೆಯಲ್ಲಿ ಕಂಡ ಸರ್ ಸಿ. ವಿ. ರಾಮನ್ನರು ೧೯೩೩ರಲ್ಲಿ ಬೆಂಗಳೂರಿಗೆ ಬಂದು, ೧೯೭೦ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯೇ ನೆಲೆಸಿದರು. ಆ ಬದಲಾವಣೆಯೂ ಅಣುವಿನ ಗುರುತೇ. ಸೀಸೆಯ ಮುಚ್ಚಳ ತೆರೆಯದೆಯೇ ಒಳಗಿನ ವಸ್ತುವನ್ನು ಗುರುತಿಸುವ, ಕೈಯಲ್ಲಿ ಹಿಡಿಯಬಹುದಾದ ರಾಮನ್ ಯಂತ್ರಗಳು ಈಗ ಬಂದಿವೆ. ಅವಕೆಂಪಿನಲ್ಲಿಯೇ ಕೆಂಪಿಗೆ ಸಮೀಪವಾದ ಭಾಗದಲ್ಲಿ, ೧೯೪೦ ನ್ಯಾನೋಮೀಟರ್ ಬಳಿ, ನೀರು ಬಲವಾಗಿ ಹೀರುವುದರಿಂದ ಕೊಬ್ಬರಿಯ ತೇವವನ್ನೂ ಬೆಳಕಿನಿಂದಲೇ ಅಳೆಯಬಹುದು. ಮೈಸೂರಿನಲ್ಲಿ ೧೯೫೦ರಲ್ಲಿ ಆರಂಭವಾದ ಆಹಾರ ಸಂಶೋಧನಾಲಯವೂ, ೧೯೧೬ರ ತೆಂಗು ಸಂಶೋಧನಾ ಕೇಂದ್ರದಿಂದ ಬೆಳೆದ ಕಾಸರಗೋಡಿನ ಸಂಸ್ಥೆಯೂ ನಮಗೆ ದೂರವಲ್ಲ.

ನಮ್ಮಲ್ಲಿ ಅನೇಕರ ತಂದೆತಾಯಿಗಳು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಆದರೆ ಕಾಯನ್ನು ಅಲ್ಲಾಡಿಸಿ ಗಿಟುಕೋ ಅಲ್ಲವೋ ಎಂದು ಹೇಳಬಲ್ಲ ಅವರ ಕಿವಿ ಯಾವ ಯಂತ್ರಕ್ಕೂ ಕಡಿಮೆಯದಲ್ಲ. ಕೊರತೆ ಅವರ ಜ್ಞಾನದಲ್ಲಿಲ್ಲ. ಆ ಜ್ಞಾನವನ್ನು ಎದುರಿನವನು ಒಪ್ಪಲೇಬೇಕೆಂಬ ಕಟ್ಟಳೆಯಿಲ್ಲ, ಅಷ್ಟೆ. “ಚೆನ್ನಾಗಿದೆ” ಎಂದು ಬೆಳೆದವನು, “ಅಷ್ಟೇನಿಲ್ಲ” ಎಂದು ಕೊಳ್ಳುವವನು ಅಂದರೆ, ಗೆಲ್ಲುವವನು ಕಾಯಬಲ್ಲವನು, ಸಾಲದವನು ಕಾಯಲಾರ. ಅಂಕಿಗಾದರೋ ಸಾಲವೂ ಇಲ್ಲ, ಸಂಕೋಚವೂ ಇಲ್ಲ. ಸರಿಯಾಗಿ ಅಳೆದರೆ ಅದು ಇಬ್ಬರ ಕೈಯಲ್ಲೂ ಒಂದೇ. ಆದರೆ ಅಳತೆಯ ಚೀಟಿ ಕೊಳ್ಳುವವನ ಜೇಬಿನಲ್ಲಿ ಮಾತ್ರ ಉಳಿದರೆ ಪ್ರಯೋಜನವೇನು? ಬೆಳೆಗಾರರ ಸಹಕಾರ ಸಂಘಗಳಲ್ಲಿ ಇಂಥ ಸಲಕರಣೆಗಳು ನೆಲೆಸಬೇಕು. ಚೀಟಿಯ ಅಂಕಿಯನ್ನು ಓದಿ ತಿಳಿಯಹೇಳುವವರು ಹಳ್ಳಿಹಳ್ಳಿಯಲ್ಲೂ ಇರಬೇಕು. ಅದಕ್ಕೆ ವಿಜ್ಞಾನದ ಪದವಿಯೇ ಬೇಕೆಂದಿಲ್ಲ. ಪದವಿ ಪಡೆದು ಊರಿಗೆ ಮರಳುವ ನಾವು ಮೊದಲು ಮಾಡಬಹುದಾದ ಕೆಲಸಗಳಲ್ಲಿ ಇದೂ ಒಂದು.