ತೋಟದೊಳಗಿನ ಮನೆಗೆ ನಿಸ್ತಂತು ಇಂಟರ್ನೆಟ್: ಮೊದಲು ನೋಟ, ಅನಂತರ ಜೋಡಣೆ

ಬೆಂಗಳೂರಿನ ವೈಟ್‌ಫೀಲ್ಡ್ ಬಳಿಯ ಬ್ರೂಕ್‌ಫೀಲ್ಡ್ ಕಡೆ ಉದ್ಯೋಗದಲ್ಲಿರುವ ನಮ್ಮ ಮಕ್ಕಳಲ್ಲಿ ಅನೇಕರಿಗೆ 2020ರ ಲಾಕ್‌ಡೌನ್ ನಂತರ ಮನೆಯಿಂದಲೇ ಕೆಲಸ ಮಾಡುವ ಅವಕಾಶ ದೊರೆತಿದೆ. ತೋಟದ ಮನೆಗೆ ಭರವಸೆಯ ಇಂಟರ್ನೆಟ್ ಇದ್ದರೆ ಕೊಯ್ಲಿನ ಕಾಲದಲ್ಲಾದರೂ ಅವರು ಊರಿನಲ್ಲಿದ್ದು ಲೆಕ್ಕಪತ್ರ ನೋಡಿಕೊಂಡಾರು. ಇಲ್ಲವಾದರೆ ಹಬ್ಬಕ್ಕೆ ಬಂದು ಮರುದಿನವೇ ಹೊರಡುತ್ತಾರೆ. ಆದುದರಿಂದ ಈ ವಿಷಯವು ಬೆಳೆಗಾರರಿಗೆ ಗೊಬ್ಬರದಷ್ಟೇ ಮುಖ್ಯವಾದುದು.

ರಸ್ತೆಯವರೆಗೆ ಫೈಬರ್ ಬಂದಿದ್ದು ಮನೆ ಎರಡು ಕಿಲೋಮೀಟರ್ ಒಳಗಿದ್ದರೆ, ತೋಟದಲ್ಲಿ ಎಳೆದ ತಂತಿ ಕೊಂಬೆ ಬಿದ್ದು ತುಂಡಾಗುವುದು ಸಾಮಾನ್ಯ. ಇದಕ್ಕೆ ಪರಿಹಾರ, ಎರಡು ತುದಿಗಳಲ್ಲಿ ಒಂದಕ್ಕೊಂದು ಮುಖಮಾಡಿದ ಎರಡು ರೇಡಿಯೊಗಳು. ಬ್ರೂಕ್‌ಫೀಲ್ಡ್‌ನಂತಹ ಕಡೆ ಮಾಳಿಗೆಯಿಂದ ಮಾಳಿಗೆಗೆ ಇಂತಹ ಸಂಪರ್ಕ ಕೊಡುವಾಗ ತೊಂದರೆ ಕೊಡುವುದು ನೆರೆಯ ರೇಡಿಯೊಗಳ ಗದ್ದಲ. ಚಾನೆಲ್ ಬದಲಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ನಮ್ಮಲ್ಲಿ ತೊಂದರೆ ಕೊಡುವುದು ಎಲೆ. ಯಾವ ಚಾನೆಲ್ ಬದಲಿಸಿದರೂ ಸಿಲ್ವರ್ ಮರ ದಾರಿ ಬಿಡುವುದಿಲ್ಲ.

ನೋಟದ ಪರೀಕ್ಷೆ: ಈ ರೇಡಿಯೊಗಳು ಹೆಚ್ಚಾಗಿ 5.8 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ಒಂದು ತುದಿಯಿಂದ ಇನ್ನೊಂದು ತುದಿ ಕಣ್ಣಿಗೆ ಕಂಡರಷ್ಟೇ ಸಾಲದು. ಎರಡು ಕಿಲೋಮೀಟರ್ ದೂರಕ್ಕೆ, ನಟ್ಟನಡುವೆ ತರಂಗದ ಹಾದಿ ಸುತ್ತಲೂ ಸುಮಾರು 5 ಮೀಟರ್ ಹರಡುತ್ತದೆ. ಅದರಲ್ಲಿ ಕನಿಷ್ಠ 3 ಮೀಟರ್ ಖಾಲಿ ಇರಬೇಕು. ಮರಕಸಿ ಮುಗಿದ ಕೂಡಲೇ ನೋಡಿ ನಿರ್ಧರಿಸಬಾರದು. ಚಿಗುರು ಮರಳಿ ತುಂಬುತ್ತದೆ. ಈ ತರಂಗಗಳಿಗೆ ಮಳೆಹನಿಗಿಂತ ನೆನೆದ ಎಲೆಯೇ ದೊಡ್ಡ ಅಡ್ಡಿ. ಮರದ ಮುಂದಿನ ಬೆಳವಣಿಗೆಯನ್ನೂ ಎಣಿಸಿ ಕಂಬದ ಎತ್ತರ ಗೊತ್ತುಮಾಡತಕ್ಕದ್ದು. ಅಡಿಕೆ ಮರಕ್ಕೆ ಆಂಟೆನಾ ಕಟ್ಟಬೇಡಿ. ಗಾಳಿಗೆ ಮರ ತೂಗಿದರೆ ಗುರಿ ತಪ್ಪುತ್ತದೆ.

ಜೋಡಣೆಯ ಕ್ರಮ:

1. ಎರಡೂ ರೇಡಿಯೊಗಳನ್ನು ಕಂಬಕ್ಕೇರಿಸುವ ಮುನ್ನ ಮೇಜಿನ ಮೇಲೆಯೇ ಜೋಡಿಸಿ ಪರೀಕ್ಷಿಸಿ.

2. ಉಪಕರಣದೊಂದಿಗೆ ಬಂದ ಅಡಾಪ್ಟರನ್ನೇ ಬಳಸಿ. ಕೆಲವು 24 ವೋಲ್ಟಿನವು, ಕೆಲವು 48 ವೋಲ್ಟಿನವು, ಅದಲುಬದಲಾದರೆ ಸುಟ್ಟುಹೋಗಬಹುದು. ಅಡಾಪ್ಟರಿನಿಂದ ರೇಡಿಯೊಗೆ ಹೋಗುವ ಕೇಬಲ್ 100 ಮೀಟರ್ ಮೀರಬಾರದು.

3. ಫೈಬರ್ ಇರುವ ತುದಿಯದನ್ನು ಆಕ್ಸೆಸ್ ಪಾಯಿಂಟ್ ಎಂದೂ, ಮನೆಯದನ್ನು ಸ್ಟೇಷನ್ ಎಂದೂ ಮಾಡಿ. ಎರಡಕ್ಕೂ ಜಾಲದ ಹೆಸರು ಮತ್ತು ಗುಪ್ತಪದ ಒಂದೇ ಇರಲಿ; ಐಪಿ ವಿಳಾಸ ಮಾತ್ರ ಬೇರೆ ಬೇರೆ. ಕಾರ್ಖಾನೆಯ ಗುಪ್ತಪದವನ್ನು ಬದಲಿಸಿ.

4. ದೇಶ ಎಂಬಲ್ಲಿ ಭಾರತವನ್ನೇ ಆರಿಸಿ. 2018ರ ಅಕ್ಟೋಬರಿನ ಕೇಂದ್ರ ಅಧಿಸೂಚನೆಯಂತೆ 5725ರಿಂದ 5875 ಮೆಗಾಹರ್ಟ್ಸ್ ವರೆಗೆ, ಗೊತ್ತುಪಡಿಸಿದ ಶಕ್ತಿಯ ಮಿತಿಯೊಳಗೆ, ತರಂಗ ಬಳಕೆಗೆ ಪರವಾನಗಿ ಬೇಡ. ಆದರೆ ಇಂಟರ್ನೆಟ್ಟನ್ನು ನೆರೆಯವರಿಗೆ ಮಾರುವುದು ಬೇರೆ ವಿಷಯ. ಅದಕ್ಕೆ ಪ್ರತ್ಯೇಕ ನಿಯಮಗಳಿವೆ.

5. ಚಾನೆಲ್ ಅಗಲವನ್ನು 80 ಬದಲು 20 ಮೆಗಾಹರ್ಟ್ಸ್‌ಗೆ ಇಡಿ. ಗರಿಷ್ಠ ವೇಗ ತಗ್ಗುತ್ತದೆ, ಆದರೆ ಒಳಬರುವ ಗದ್ದಲ ಕಾಲುಭಾಗಕ್ಕೆ ಇಳಿದು ಸಂಪರ್ಕ ಗಟ್ಟಿಯಾಗುತ್ತದೆ. ಮನೆಯ ಕೆಲಸಕ್ಕೆ ವೇಗಕ್ಕಿಂತ ಸ್ಥಿರತೆ ಮೇಲು.

6. ದೂರದ ಅಂಕಿಯನ್ನು ನೈಜ ದೂರಕ್ಕಿಂತ ತುಸು ಹೆಚ್ಚಾಗಿ ನಮೂದಿಸಿ.

7. ಕಂಬಕ್ಕೇರಿಸಿದ ಮೇಲೆ ಒಬ್ಬರು ಆಂಟೆನಾ ನಿಧಾನವಾಗಿ ತಿರುಗಿಸಲಿ, ಇನ್ನೊಬ್ಬರು ಸಿಗ್ನಲ್ ಅಂಕಿ ಓದಲಿ. ಮೈನಸ್ 60ರ ಆಸುಪಾಸು ಉತ್ತಮ. ಮೈನಸ್ 80 ಎಂದರೆ ಅದರ ನೂರನೆಯ ಒಂದು ಪಾಲು ಮಾತ್ರ.

ಕಂಬಕ್ಕೆ ಭೂಸಂಪರ್ಕ ಕಡ್ಡಾಯ. ಗುಡುಗಿನ ಸೂಚನೆ ಕಂಡಾಗಲೇ ಅಡಾಪ್ಟರನ್ನೂ ಕೇಬಲನ್ನೂ ಬಿಡಿಸಿಡಿ. ಗುಡುಗು ಆರಂಭವಾದ ಮೇಲೆ ಮುಟ್ಟಬೇಡಿ.

ಹಾಕಿದ ದಿನದ ಸಿಗ್ನಲ್ ಅಂಕಿಯನ್ನು ಮಳೆಮಾಪನದ ಪುಸ್ತಕದಲ್ಲೇ ಬರೆದಿಡಿ. ಜುಲೈ ತಿಂಗಳಲ್ಲಿ ಮತ್ತೆ ಓದಿ ಹೋಲಿಸಿ. ಅಂಕಿ ಕುಸಿದಿದ್ದರೆ ಉಪಕರಣವನ್ನು ದೂರುವ ಮುನ್ನ ಹಾದಿಯಲ್ಲಿ ಯಾವ ಕೊಂಬೆ ಬೆಳೆದಿದೆ ಎಂದು ನೋಡತಕ್ಕದ್ದು.